ಏಳನೇ ವಾರ್ಡಿನ ಮೂರು ಟ್ಯೂಬುಗಳು

“ಪೆನ್ನು ಕೆಳಗಿಡು.”

ಬಾಗಿಲು ದೂಡಿಕೊಂಡು ಒಳಬಂದ ಅಕ್ಕನ ಬಾಯಿಂದ ಹೊರಟ ಮೊದಲ ಮಾತೇ ಅದು. ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ.

ತಂಗಿ ತಲೆ ಎತ್ತಲಿಲ್ಲ. ಅತ್ತು ಅತ್ತು ಅವಳ ಮೂಗು ಕೆಂಪೇರಿತ್ತು. ಮುಂದಿದ್ದ ಕಾಗದದಲ್ಲಿ ಒಂದೇ ಒಂದು ವಾಕ್ಯ: ‘ರಕ್ತದ ಟ್ಯೂಬುಗಳು ಅದಲುಬದಲಾಗಿದ್ದು ನಾನು ಬರೆದ ಪ್ರೋಗ್ರಾಮಿನ ದೋಷದಿಂದ.’ ಅದರ ಕೆಳಗೆ ಸಹಿಗೆ ಬಿಟ್ಟ ಖಾಲಿ ಜಾಗ, ಬಾಯಿ ತೆರೆದು ಕೂತ ಹಾಗೆ.

ಗೋದಾಮಿನ ಬೆಂಕಿಯನ್ನು ಕಣ್ಣಾರೆ ಕಂಡ ಒಬ್ಬನೇ ಸಾಕ್ಷಿ, ಆ ದಾರಿಯಲ್ಲಿ ಹಾದುಹೋಗುತ್ತಿದ್ದ ಬಸ್ಸಿನ ಡ್ರೈವರು, ಬೇರೆ ಯಾರದೋ ರಕ್ತದ ವರದಿ ನಂಬಿ ಏರಿಸಿದ ಡ್ರಿಪ್ಪಿನಿಂದ ಪ್ರಜ್ಞೆ ತಪ್ಪಿ ಮಲಗಿದ್ದ. ಬೆಂಕಿಯ ಕೇಸಿನ ತನಿಖೆ ಅಕ್ಕನದು. ವರದಿ ಕೊಟ್ಟ ಲ್ಯಾಬಿನಲ್ಲಿ ಟ್ಯೂಬುಗಳನ್ನು ವಿಂಗಡಿಸುವ ಯಂತ್ರಕ್ಕೆ ಬುದ್ಧಿ ಕೊಟ್ಟವಳು ತಂಗಿ. ವಿಧಿ ಒಂದೇ ದಾರದಲ್ಲಿ ಇಬ್ಬರನ್ನೂ ಪೋಣಿಸಿತ್ತು.

“ಇದೇನು ನಿಮ್ಮ ಠಾಣೆ ಅಂದ್ಕೊಂಡ್ರಾ?” ಕಿಟಕಿಯ ಬಳಿ ನಿಂತಿದ್ದ ಲ್ಯಾಬಿನ ಮುಖ್ಯಸ್ಥ ತಿರುಗಿದ. ಅವನ ಅಂಗಿಯ ಮೇಲೆ ಒಂದು ಸುಕ್ಕನ್ನು ಇದುವರೆಗೆ ಯಾರೂ ಕಂಡವರಿಲ್ಲ. ಬೆನ್ನ ಹಿಂದೆ ಎಲ್ಲರೂ ಅವನನ್ನು ಇಸ್ತ್ರಿ ಸಾಹೇಬ ಎನ್ನುತ್ತಿದ್ದರು. “ವಿಚಾರಣಾ ಸಮಿತಿಯವರು ಊಟಕ್ಕೆ ಹೋಗಿದಾರೆ. ಬಂದ ಕೂಡಲೇ ಈ ಕಾಗದ ಅವರ ಕೈಗೆ ಹೋಗಬೇಕು. ನಿಮ್ಮ ತಂಗೀನೇ ಒಪ್ಕೊಂಡಿದಾರೆ.”

“ಒಪ್ಕೊಂಡಿದಾಳೋ, ಒಪ್ಪಿಸಿದೀರೋ?”

“ನಾನೇ ಒಪ್ಕೊಂಡೆ ಅಕ್ಕ,” ತಂಗಿಯ ದನಿ ನೆಲ ನೋಡುತ್ತಿತ್ತು. “ಸಹಿ ಹಾಕಿದ್ರೆ ಕೆಲಸ ಮಾತ್ರ ಹೋಗುತ್ತಂತೆ. ಹಾಕದೆ ಇದ್ರೆ ಪೊಲೀಸ್ ಕೇಸು.”

“ನಾನೇ ಪೊಲೀಸು ಕಣೇ. ನನಗಿಂತ ದೊಡ್ಡ ಗುಮ್ಮನ್ನ ಎಲ್ಲಿಂದ ತರ್ತಾರೆ?” ಅಕ್ಕ ಕುರ್ಚಿ ಎಳೆದು ತಂಗಿಯ ಎದುರು ಕೂತಳು. “ಈ ಕಾಗದಕ್ಕೆ ಸಹಿ ಬಿದ್ರೆ ನಿನ್ನ ಹೆಸರಿಗೆ ಈ ಜನ್ಮಕ್ಕೆ ಅಂಟಿಕೊಳ್ಳೋ ಮಸಿ. ಆ ಮನುಷ್ಯ ಉಸಿರು ಬಿಟ್ಟರೆ ಅದು ಕೂಡ ನಿನ್ನ ಲೆಕ್ಕಕ್ಕೇ. ತಪ್ಪು ನಿಂದೇ ಅಂತ ನಿನಗೆ ಹೇಗೆ ಗೊತ್ತು? ಅಳೋದನ್ನ ನಿಲ್ಲಿಸಿ ತೋರಿಸು. ಯಂತ್ರ ಏನು ಮಾಡುತ್ತೆ?”

“ಯಂತ್ರಕ್ಕೆ ಸೀಲ್ ಹಾಕಿದೀವಿ. ಸಮಿತಿ ಬರೋವರೆಗೂ ಯಾರೂ ಮುಟ್ಟೋ ಹಾಗಿಲ್ಲ,” ಎಂದ ಇಸ್ತ್ರಿ ಸಾಹೇಬ.

“ಯಂತ್ರ ಯಾರಿಗೆ ಬೇಕು? ಅದನ್ನ ಮಾಡಿದವಳೇ ಇಲ್ಲಿದಾಳಲ್ಲ.”

ಮೇಜಿನ ಕೊನೆಯಲ್ಲಿ ಒಂದು ಡಬ್ಬದ ತುಂಬ ಟ್ಯೂಬಿನ ಬಣ್ಣದ ಮುಚ್ಚಳಗಳಿದ್ದವು. ಪ್ರತಿ ಮುಚ್ಚಳದ ನೆತ್ತಿಯ ಮೇಲೆ ಒಂದು ಅಂಕಿ. ಅಕ್ಕ ಡಬ್ಬವನ್ನು ಮಗುಚಿದಳು. ಮುಚ್ಚಳಗಳು ಮೇಜಿನ ಮೇಲೆಲ್ಲ ಚೆಲ್ಲಿ, ಒಂದೆರಡು ಉರುಳಿ ಸಾಹೇಬನ ಹೊಳೆಯುವ ಬೂಟಿನ ಬಳಿ ನಿಂತವು.

ಚಿಕ್ಕಂದಿನಲ್ಲಿ ಅಜ್ಜಿ ಕಥೆ ಹೇಳುವಾಗ ತಂಗಿ ಹೀಗೇ ಗೋಲಿಗಳನ್ನು ಹರಡಿ ಕೂರುತ್ತಿದ್ದಳು: ಇದು ರಾಜ, ಇದು ರಾಕ್ಷಸ, ಇದು ದಾರಿ ತಪ್ಪಿದ ಕುದುರೆ. ಕೈಗೊಂದು ವಸ್ತು ಸಿಕ್ಕರೆ ಅವಳ ಬುದ್ಧಿ ಎದ್ದು ಕೂರುತ್ತದೆ. ಅಕ್ಕನಿಗೆ ಅದು ಗೊತ್ತಿತ್ತು.

ತಂಗಿ ಮೂಗೊರೆಸಿಕೊಂಡಳು. ಆರು ಮುಚ್ಚಳ ಆರಿಸಿ ಸಾಲಾಗಿ ಇಟ್ಟಳು. ಏಳು, ಮೂರು, ಏಳು, ಐದು, ಮೂರು, ಏಳು.

“ಆಸ್ಪತ್ರೆಯಿಂದ ಟ್ಯೂಬುಗಳು ಹೀಗೆ ಕಲಸಿಕೊಂಡು ಬರುತ್ವೆ. ಅಂಕಿ ಅಂದ್ರೆ ವಾರ್ಡು. ಒಂದರಿಂದ ಒಂಬತ್ತು, ಅಷ್ಟೇ. ಟ್ಯೂಬಿನ ಮೇಲೆ ಹೆಸರಿರಲ್ಲ.”

“ಹೆಸರು ಯಾಕಿಲ್ಲ?”

“ಸಾಹೇಬರ ನಿಯಮ. ಹೆಸರು ನೋಡಿ ಯಾರೂ ಒಳಗೊಳಗೆ ಆಟ ಆಡಬಾರದು ಅಂತ. ವಿಂಗಡಣೆ ಆದ ಮೇಲೇ ಯಂತ್ರ ಹೆಸರಿನ ಚೀಟಿ ಅಂಟಿಸುತ್ತೆ. ಯಾರ ರಕ್ತ ಮೊದಲು ತೆಗೆದ್ರೋ ಅವರ ಹೆಸರು ಮೊದಲು.”

“ಒಳ್ಳೇ ನಿಯಮ,” ಎಂದಳು ಅಕ್ಕ. ಇಸ್ತ್ರಿ ಸಾಹೇಬ ಗಲ್ಲ ಎತ್ತಿದ. ಅದು ಹೊಗಳಿಕೆಯಲ್ಲ ಎಂದು ಅವನಿಗೆ ತಿಳಿಯಲು ಇನ್ನೂ ಹೊತ್ತಿತ್ತು.

“ಹಳೇ ಪ್ರೋಗ್ರಾಮು ಒಂದು ಟ್ಯೂಬನ್ನ ಇನ್ನೊಂದರ ಪಕ್ಕ ಹಿಡಿದು, ನೀನು ದೊಡ್ಡೋನಾ ನಾನು ದೊಡ್ಡೋನಾ ಅಂತ ಜಗಳ ಆಡಿಸ್ತಿತ್ತು. ಟ್ಯೂಬು ಎರಡು ಪಟ್ಟಾದ್ರೆ ಜಗಳ ನಾಲ್ಕು ಪಟ್ಟು. ನನ್ನ ಪ್ರೋಗ್ರಾಮಲ್ಲಿ ಯಾರನ್ನೂ ಯಾರ ಜೊತೇನೂ ಹೋಲಿಸೋದೇ ಇಲ್ಲ.” ತಂಗಿಯ ದನಿ ಈಗ ನೆಲ ಬಿಟ್ಟು ಮೇಜಿನ ಮಟ್ಟಕ್ಕೆ ಬಂದಿತ್ತು. “ಮೊದಲ ಸುತ್ತಲ್ಲಿ ಬರೀ ಎಣಿಸೋದು. ಮೂರು ಎಷ್ಟಿವೆ? ಎರಡು. ಐದು? ಒಂದು. ಏಳು? ಮೂರು. ಎರಡನೇ ಸುತ್ತಲ್ಲಿ ಕೂಡ್ತಾ ಹೋಗೋದು. ಮೂರರ ಮನೆ ಎರಡನೇ ಗೂಡಿಗೆ ಮುಗೀತು. ಐದರದ್ದು ಮೂರನೇ ಗೂಡಿಗೆ. ಏಳರದ್ದು ಆರನೇ ಗೂಡಿಗೆ. ಯಾರ ಮನೆ ಎಲ್ಲಿಗೆ ಮುಗಿಯುತ್ತೆ ಅಂತ ಗೊತ್ತಾದ ಮೇಲೆ ಇನ್ನೇನು? ಒಂದೊಂದನ್ನೇ ಎತ್ತಿ ಅದರ ಮನೇಲಿ ಕೂರಿಸೋದು. ಟ್ಯೂಬು ಎರಡು ಪಟ್ಟಾದ್ರೆ ಕೆಲಸಾನೂ ಎರಡೇ ಪಟ್ಟು.”

“ಹೀಗೇ ಫೋನ್ ನಂಬರುಗಳನ್ನೂ ವಿಂಗಡಿಸಬಹುದಲ್ಲ?”

“ಅಯ್ಯೋ, ಆಗಲ್ಲ ಅಕ್ಕ. ನಂಬರಿಗೊಂದು ಗೂಡು ಅಂದ್ರೆ ಊರಷ್ಟು ಗೂಡು ಬೇಕು. ಅಂಕಿ ಚಿಕ್ಕದಿದ್ರೆ ಮಾತ್ರ ಈ ಉಪಾಯ.” ಅವಳ ತುಟಿಯ ಮೇಲೆ ನಗುವಿನ ನೆರಳೊಂದು ಹಾದುಹೋಯಿತು; ಕಾಗದ ಕಣ್ಣಿಗೆ ಬಿದ್ದೊಡನೆ ಅಳಿಸಿಹೋಯಿತು.

ಅಕ್ಕ ಬಾಲ್‌ಪೆನ್ನು ತೆಗೆದಳು. ಮೊದಲ ಏಳರ ಮೇಲೆ ಒಂದು ಚುಕ್ಕಿ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಮೂರರ ಎರಡು ಮುಚ್ಚಳಗಳಿಗೂ ಹಾಗೆಯೇ.

“ಈಗ ಕೂರಿಸು. ಸರಿಯಾಗಿ ಅಲ್ಲ. ನೀನು ತಪ್ಪು ಮಾಡಿದೀನಿ ಅಂತಿದೀಯಲ್ಲ, ಆ ತಪ್ಪನ್ನ ಮಾಡಿ ತೋರಿಸು.”

ತಂಗಿ ಮುಚ್ಚಳಗಳ ಸಾಲಿನ ಕಡೆ ಬಾಗಿದಳು. “ಮನೆ ಕೊನೇ ಗೂಡಿಂದ ತುಂಬುತ್ತೆ. ಅದಕ್ಕೇ ಟ್ಯೂಬುಗಳನ್ನ ಸಾಲಿನ ಬಾಲದಿಂದ ಎತ್ತಬೇಕು. ಮೊದಮೊದಲು ಬರೆಯುವಾಗ ನಾನು ತಲೆಯಿಂದ ಎತ್ತಿಸಿದ್ದೆ. ನೋಡು ಏನಾಗುತ್ತೆ.”

ಅವಳು ಸಾಲಿನ ತಲೆಯಿಂದ ಎತ್ತಿದಳು. ಒಂದು ಚುಕ್ಕಿಯ ಏಳು ಹೋಗಿ ಆರನೇ ಗೂಡಲ್ಲಿ, ಎಲ್ಲರಿಗಿಂತ ಕೊನೆಗೆ ಕೂತಿತು. ಒಂದು ಚುಕ್ಕಿಯ ಮೂರು ಎರಡನೇ ಗೂಡಲ್ಲಿ. ಕೊನೆಗೆ ಬಂದ ಮೂರು ಚುಕ್ಕಿಯ ಏಳು ತನ್ನ ಮನೆಯ ಹೊಸ್ತಿಲಲ್ಲೇ ಜಾಗ ಹಿಡಿಯಿತು.

“ಅಂಕಿ ಎಲ್ಲ ಸಾಲಾಗೇ ಇವೆ. ನೋಡಿದೋರಿಗೆ ಏನೂ ಗೊತ್ತಾಗಲ್ಲ. ಒಳಗೆ ಮಾತ್ರ ಮೊದಲು ಬಂದೋರು ಹಿಂದೆ, ಹಿಂದೆ ಬಂದೋರು ಮುಂದೆ. ಏಳನೇ ವಾರ್ಡಿಂದ ಅವತ್ತು ಬಂದಿದ್ದು ಮೂರು ಟ್ಯೂಬು. ಮೊದಲನೇದು ಡ್ರೈವರದ್ದು. ಅವನ ಹೆಸರು ಮೂರನೆಯವರ ಟ್ಯೂಬಿಗೆ ಅಂಟಿತು, ಮೂರನೆಯವರ ಹೆಸರು ಅವನ ಟ್ಯೂಬಿಗೆ. ಮಧ್ಯದ್ದು ಹೇಗೆ ತಿರುಗಿಸಿದ್ರೂ ಮಧ್ಯವೇ.” ಅವಳ ಕಣ್ಣು ತುಂಬಿ ಬಂತು. “ಥೇಟ್ ನನ್ನ ತಪ್ಪೇ ಅಕ್ಕ. ತಿದ್ದಿದ್ದು ನೆನಪಿದೆ. ತಿದ್ದಿದ್ದನ್ನೇ ಯಂತ್ರಕ್ಕೆ ಹಾಕಿದೆನಾ, ಹಳೇದನ್ನ ಹಾಕಿದೆನಾ, ಎಷ್ಟು ತಲೆ ಕೆರೆದುಕೊಂಡ್ರೂ ನೆನಪಾಗ್ತಿಲ್ಲ.”

ಅಕ್ಕನ ಕಣ್ಣು ಏಳರ ಮನೆಯ ಮೇಲಿರಲಿಲ್ಲ. ಅದರ ಪಕ್ಕದಲ್ಲಿ, ಯಾರೂ ಕೇಳದೆ ಸುಮ್ಮನೆ ಕೂತಿದ್ದ ಮೂರರ ಮನೆಯ ಮೇಲಿತ್ತು. ಅಲ್ಲೂ ಎರಡು ಚುಕ್ಕಿಯದು ಮುಂದೆ, ಒಂದು ಚುಕ್ಕಿಯದು ಹಿಂದೆ.

“ಪುಟ್ಟಿ, ಏಳಕ್ಕೆ ಅಂತ ನಿನ್ನ ಪ್ರೋಗ್ರಾಮಲ್ಲಿ ಬೇರೆ ಸಾಲು ಏನಾದ್ರೂ ಇದೆಯಾ?”

“ಇಲ್ಲ. ಒಂಬತ್ತಕ್ಕೂ ಒಂದೇ ಸಾಲು.”

“ಹಾಗಾದ್ರೆ ಏಳು ತಿರುಗಿದ್ರೆ ಮೂರೂ ತಿರುಗಬೇಕು.”

ತಂಗಿಯ ಕೈ ಗಾಳಿಯಲ್ಲೇ ನಿಂತಿತು.

ಅಕ್ಕ ಎದ್ದು ನಿಂತಳು. “ಸಾಹೇಬ್ರೇ, ಅವತ್ತಿನ ಟ್ಯೂಬುಗಳೆಲ್ಲ ಎಲ್ಲಿವೆ?”

“ಫ್ರಿಜ್ಜಲ್ಲಿ. ಒಂದು ವಾರ ಇಟ್ಟು ಆಮೇಲೆ ಎಸೀತೀವಿ.”

“ಏಳನೇ ವಾರ್ಡಿನ ಟ್ಯೂಬು ಅದಲುಬದಲಾಗಿದೆ ಅಂತ ಹೇಗೆ ಕಂಡುಹಿಡಿದ್ರಿ?”

“ರಕ್ತದ ಗುಂಪು ನೋಡಿ. ರೋಗಿಗಳ ಗುಂಪು ಆಸ್ಪತ್ರೇಲಿ ಇರುತ್ತೆ. ತಾಳೆ ಆಗಲಿಲ್ಲ.”

“ಮಿಕ್ಕ ವಾರ್ಡುಗಳದ್ದು ನೋಡಿದ್ರಾ?”

ಇಸ್ತ್ರಿ ಸಾಹೇಬ ಕಾಲರು ಸರಿಪಡಿಸಿಕೊಂಡ. ಅದು ಮೊದಲೇ ಸರಿಯಾಗಿತ್ತು. “ಬೇರೆ ವಾರ್ಡಿಂದ ದೂರು ಬಂದಿಲ್ಲ.”

“ದೂರು ಬಂದಿಲ್ಲ ಅಂತ ನೋಡಲಿಲ್ಲ.”

“ನಮ್ಮ ಪದ್ಧತಿ ಹಾಗೆ. ದೂರು ಬಂದ ಟ್ಯೂಬು ಮಾತ್ರ ತೆಗೀತೀವಿ. ದಿನಾ ನೂರಾರು ಟ್ಯೂಬು ಬರುತ್ತೆ ಮೇಡಂ, ಎಲ್ಲಾನೂ ಎರಡು ಸಲ ನೋಡ್ತಾ ಕೂತರೆ…”

“ಒಂದು ಹುಡುಗಿಯ ಜೀವನದ ಮೇಲೆ ಚಪ್ಪಡಿ ಎಳೆಯೋಕೆ ಪುರುಸೊತ್ತಿದೆ, ಪಕ್ಕದ ಗೂಡು ನೋಡೋಕಿಲ್ಲ! ನಡೀರಿ. ಮೂರನೇ ವಾರ್ಡು, ಎಂಟನೇ ವಾರ್ಡು. ನೀವೇ ತೆಗೀರಿ, ನೀವೇ ಪರೀಕ್ಷೆ ಮಾಡಿ. ನಾವಿಬ್ಬರೂ ಕೈ ಕಟ್ಟಿಕೊಂಡು ನಿಂತಿರ್ತೀವಿ.”

“ಮಾಡಲ್ಲ ಅಂದ್ರೆ?”

“ಸಮಿತಿ ಮುಂದೆ ಇದೇ ಪ್ರಶ್ನೆ ಕೇಳ್ತೀನಿ. ಆಗ ಉತ್ತರ ಕೊಡೋರು ನೀವೇ.”

ಕೊನೆಗೆ ಇಸ್ತ್ರಿ ಸಾಹೇಬ ಕೈಗವಸು ತೊಟ್ಟ.

ಪರೀಕ್ಷೆಯ ಕೋಣೆ ತಣ್ಣಗಿತ್ತು. ಬಿಳಿ ಹಂಚಿನ ಮೇಲೆ ರಕ್ತದ ಹನಿಗಳು ಬಿದ್ದವು. ಅವುಗಳ ಮೇಲೆ ಔಷಧಿಯ ಹನಿ. ಕೆಲವು ಕೂಡಲೇ ಹರಳುಗಟ್ಟಿದವು, ಕೆಲವು ನಯವಾಗಿ ಹರಡಿ ಸುಮ್ಮನಾದವು. ಮಾತಿಲ್ಲದೆ ಕೆಲಸ ಮಾಡುವಾಗ ಮಾತ್ರ ಆ ಮನುಷ್ಯನ ಕೈ ಚೆಂದವಾಗಿತ್ತು. ಫೋನಿನಲ್ಲಿ ಆಸ್ಪತ್ರೆಯವರು ಒಬ್ಬೊಬ್ಬರದೇ ಗುಂಪು ಹೇಳುತ್ತಿದ್ದರು. ಅವನು ಪ್ರತಿ ಸಲ “ಹೂಂ” ಎನ್ನುತ್ತಿದ್ದ. ಒಂದೊಂದು ‘ಹೂಂ’ಗೂ ತಂಗಿ ಅಕ್ಕನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು.

ಅವನು ಫೋನಿಟ್ಟ. ಹಂಚನ್ನೇ ನೋಡುತ್ತ ನಿಂತ.

“ಹೇಳಿ ಸಾಹೇಬ್ರೇ.”

“ಮೂರನೇ ವಾರ್ಡು ಸರಿಯಾಗಿದೆ. ಎಂಟೂ ಸರಿಯಾಗಿದೆ.” ಅವನು ಕೈಗವಸು ಕಳಚಿದ. “ಮೊದಲು ಬಂದೋರು ಮೊದಲೇ ಇದಾರೆ.”

ತಂಗಿ ಗೋಡೆಗೆ ಒರಗಿ ಹಾಗೇ ಜಾರಿ ನೆಲದ ಮೇಲೆ ಕೂತಳು. “ತಿದ್ದಿದ್ದೇ ಹಾಕಿದೀನಿ,” ಎಂದು ತನಗೇ ಹೇಳಿಕೊಂಡಳು. “ಬಾಲದಿಂದಲೇ ಎತ್ತುತ್ತಿದೆ. ಅಕ್ಕ, ಬಾಲದಿಂದಲೇ!”

“ಹಾಗಿದ್ರೆ ಏಳು ಯಾಕೆ ತಿರುಗಿತು?” ಇಸ್ತ್ರಿ ಸಾಹೇಬನ ಪ್ರಶ್ನೆಯಲ್ಲಿ ಮೊದಲ ಸಲ ಅಹಂಕಾರವಿರಲಿಲ್ಲ.

“ಯಂತ್ರ ತಪ್ಪು ಮಾಡಿದ್ರೆ ಎಲ್ಲರಿಗೂ ಒಂದೇ ಥರ ಮಾಡುತ್ತೆ ಸಾಹೇಬ್ರೇ, ಅದಕ್ಕೆ ಮುಖ ನೋಡಿ ಮಣೆ ಹಾಕೋದು ಗೊತ್ತಿಲ್ಲ. ಒಬ್ಬನನ್ನೇ ಆರಿಸಿ ಹೊಡೆಯೋದು ಮನುಷ್ಯರು. ಟ್ಯೂಬು ಯಂತ್ರದೊಳಗೆ ಹೋಗೋ ಮೊದಲೇ ಯಾರೋ ಏಳರ ಮೊದಲನೇದನ್ನೂ ಕೊನೇದನ್ನೂ ಅದಲುಬದಲು ಮಾಡಿದಾರೆ.”

“ಹೆಸರೇ ಇಲ್ಲದ ಟ್ಯೂಬು ಡ್ರೈವರದ್ದು ಅಂತ ಹೇಗೆ ಗೊತ್ತಾಗುತ್ತೆ?”

“ಅವನ ಹಾಸಿಗೆ ಬಾಗಿಲ ಪಕ್ಕ. ಕಾವಲಿನವರ ಕಣ್ಣೆದುರು ಇರಲಿ ಅಂತ ನಾನೇ ಹಾಕಿಸಿದ್ದು. ನರ್ಸು ರಕ್ತ ತೆಗೆಯೋಕೆ ಬಾಗಿಲಿಂದಲೇ ಶುರು ಮಾಡ್ತಾರೆ. ಏಳನೇ ವಾರ್ಡಿನ ಮೊದಲ ಟ್ಯೂಬು ಯಾವಾಗಲೂ ಅವನದ್ದೇ.” ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. “ನಿಮ್ಮ ನಿಯಮ ನಿಜಕ್ಕೂ ಒಳ್ಳೇದು. ಹೆಸರಿಲ್ಲದ ಟ್ಯೂಬನ್ನ ಯಾರು ಎಲ್ಲಿಗೆ ಸರಿಸಿದ್ರೂ ಗುರುತು ಉಳಿಯಲ್ಲ. ಈಗ ಹೇಳಿ, ಯಂತ್ರದೊಳಗೆ ಟ್ರೇ ಇಡೋರು ಯಾರು?”

ಟ್ರೇ ಇಡುವವನನ್ನು, ಎಲ್ಲರ ಬಾಯಲ್ಲಿ ಟ್ರೇ ಮಾಮ ಆದವನನ್ನು, ಕರೆಸಿದರು. ಲ್ಯಾಬು ಶುರುವಾದಾಗಿನಿಂದ ಇದ್ದ ಮನುಷ್ಯ. ದೊಡ್ಡ ಹೊಟ್ಟೆ, ಸಣ್ಣ ದನಿ. ಒಳಗೆ ಬರುತ್ತಲೇ ಪಾಠ ಒಪ್ಪಿಸಿದ: “ನಾನು ಟ್ರೇ ಬಿಟ್ಟು ಕದಲಿಲ್ಲ. ಮೊನ್ನೇನೂ ಹೇಳಿದೀನಿ, ನಿನ್ನೇನೂ ಹೇಳಿದೀನಿ.”

“ಕೂತ್ಕೊಳ್ಳಿ ಮಾಮ. ಆಸ್ಪತ್ರೆಯಿಂದ ಬರೋ ಪೆಟ್ಟಿಗೆಗೆ ಮುದ್ರೆ ಇರುತ್ತೆ ಅಲ್ವಾ?”

“ಇರುತ್ತೆ. ಗಟ್ಟಿಯಾಗಿತ್ತು.”

“ಒಡೆದಿದ್ದು ಯಾರು?”

“ನಾನೇ.”

“ಬಂದ ಕ್ರಮದಲ್ಲೇ ಟ್ರೇಗೆ ಜೋಡಿಸಿದ್ದು?”

“ನಾನೇ. ಒಂದೂ ಆಚೀಚೆ ಆಗಿಲ್ಲ.”

“ಯಂತ್ರದೊಳಗೆ ಇಟ್ಟಿದ್ದು?”

“ನಾನೇ ಮೇಡಂ.”

“ಅಲ್ಲಿಗೆ ಟ್ಯೂಬು ಮುಟ್ಟಿದ ಕೈ ಒಂದೇ. ನೀವು ಕದಲಿಲ್ಲ ಅಂದ್ರೆ ಅದಲುಬದಲು ಮಾಡಿದ್ದೂ ನೀವೇ. ಸಾಯೋ ಸ್ಥಿತೀಲಿರೋ ಮನುಷ್ಯ ನಿಮ್ಮ ಕೈಯಿಂದ. ಇಲ್ಲಾ, ಕದಲಿದೀರಿ. ಎರಡರಲ್ಲಿ ಒಂದನ್ನ ಆರಿಸ್ಕೊಳ್ಳಿ. ನನಗೇನೂ ಅವಸರ ಇಲ್ಲ.”

ಟ್ರೇ ಮಾಮನ ಹಣೆಯಲ್ಲಿ ಬೆವರು ಸಾಲುಗಟ್ಟಿತು. ಅವನು ಇಸ್ತ್ರಿ ಸಾಹೇಬನ ಕಡೆ ನೋಡಿದ. ಅಲ್ಲಿ ಆಸರೆ ಸಿಗಲಿಲ್ಲ. ತಂಗಿಯ ಕಡೆ ನೋಡಿದ. ಆಮೇಲೆ ತನ್ನ ಚಪ್ಪಲಿಯ ಕಡೆ.

“ಕೆಲಸ ಹೋಗುತ್ತೆ ಅಂತ ಬಾಯಿ ಬಿಡಲಿಲ್ಲ ತಾಯೀ…”

“ಬಿಡಿ ಈಗ.”

ಅವನು ಬಾಯಿ ಬಿಡುವಷ್ಟರಲ್ಲಿ ಅಕ್ಕನಿಗೆ ಇನ್ನೊಂದು ಪ್ರಶ್ನೆ ಹೊಳೆಯಿತು. ಮೊದಲನೇದನ್ನು ಕೊನೆಗೆ, ಕೊನೇದನ್ನು ಮೊದಲಿಗೆ: ಅದು ಕೈಗೆ ಸಿಕ್ಕಿದ್ದನ್ನು ಕಲಸಿದ ಹಾಗಿರಲಿಲ್ಲ. ತಂಗಿಯ ಹಳೆಯ ತಪ್ಪು ಹೇಗೆ ಕಾಣುತ್ತದೋ ಹಾಗೇ ಕಾಣುವಂತೆ, ನೋಡಿದವರು ಪ್ರೋಗ್ರಾಮಿನ ಕಡೆಗೇ ಬೊಟ್ಟು ಮಾಡುವಂತೆ ಜೋಡಿಸಿದ ಕೆಲಸ. ಆ ತಪ್ಪನ್ನು ಕಂಡವರಿಗೆ ಮಾತ್ರ ಇದು ಸಾಧ್ಯ.

“ಒಂದು ನಿಮಿಷ ಮಾಮ. ಪುಟ್ಟಿ, ನಿನ್ನ ಆ ಮೊದಲಿನ ತಪ್ಪು, ಅದನ್ನ ಯಾರು ನೋಡಿದ್ರು?”

“ಯಾರೂ ಇಲ್ಲ. ಲ್ಯಾಬಿಗೆ ತರೋ ಮೊದಲೇ ಮನೇಲಿ ತಿದ್ದಿಬಿಟ್ಟೆ.” ನಿರಾಳವಾಗಿದ್ದ ತಂಗಿ ನೆಲದಿಂದ ಏಳುತ್ತ, ಬಟ್ಟೆ ಕೊಡವಿಕೊಳ್ಳುತ್ತ ಉತ್ತರಿಸಿದಳು. “ನಾನೇ ಕಂಡುಹಿಡಿದದ್ದೂ ಅಲ್ಲ ಅಕ್ಕ, ಊಟದ ಮೇಜಿನ ಮೇಲೆ ಅಂಗಿಯ ಗುಂಡಿಗಳನ್ನ ಹರಡಿಕೊಂಡು ಕೂತಿದ್ದಾಗ…”

ಅವಳ ಮಾತಿಗೆ ಟ್ರೇ ಮಾಮನ ಸಣ್ಣ ದನಿ ಅಡ್ಡ ಬಂತು. ಒಮ್ಮೆ ಹೇಳಲು ಹೊರಟವನಿಗೆ ತಡೆದುಕೊಳ್ಳಲು ಆಗಿರಲಿಲ್ಲ.

“ಯಾರೋ ಒಬ್ಬರು ಬಂದ್ರು ತಾಯಿ. ಸಭ್ಯಸ್ಥರು. ಚಿಕ್ಕ ಮೇಡಂ ಊಟದ ಡಬ್ಬಿ ಮರೆತು ಬಂದಿದಾರೆ, ಸ್ವಲ್ಪ ಕರೀತೀರಾ ಅಂದ್ರು. ಮೇಡಂ ಮಹಡಿ ಮೇಲಿದ್ರು. ಟ್ರೇ ಜೋಡಿಸಿ ಆಗಿತ್ತು. ಅವರನ್ನ ಅಲ್ಲೇ ಕೂರಿಸಿ ಹೋಗಿ ಕರ್ಕೊಂಡು ಬಂದೆ. ಅಷ್ಟೇ ತಾಯಿ, ಅಷ್ಟೇ.”

“ಯಾರು ಅವರು?”

“ನನಗೆ ಗೊತ್ತಿಲ್ಲ. ಚಿಕ್ಕ ಮೇಡಂಗೇ ಗೊತ್ತು.”

ಅಕ್ಕ ತಂಗಿಯ ಕಡೆ ತಿರುಗಿದಳು.

ತಂಗಿಯ ಮುಖದಲ್ಲಿ ರಕ್ತ ಇರಲಿಲ್ಲ. ಅರ್ಧ ಹೇಳಿದ ಮಾತು ತುಟಿಯ ಮೇಲೇ ಸತ್ತಿತ್ತು. ಅವಳು ಒಂದು ಗಳಿಗೆ ಅಕ್ಕನನ್ನು ನೋಡಿದಳು, ಕನಿಕರದಿಂದ ನೋಡಿದಳು. ಮರುಕ್ಷಣ ಸರ್ರನೆ ಬಾಗಿಲು ದಾಟಿ ಪಕ್ಕದ ಕೋಣೆಗೆ ನುಗ್ಗಿದಳು. ಅಕ್ಕ ಬೆನ್ನಟ್ಟಿ ಹೋಗುವಷ್ಟರಲ್ಲಿ ಮುಚ್ಚಳಗಳನ್ನು ಬದಿಗೆ ಸರಿಸಿ, ಕಾಗದ ಎಳೆದುಕೊಂಡು, ಪೆನ್ನು ಹಿಡಿದಾಗಿತ್ತು.

“ಏನು ಮಾಡ್ತಿದೀಯಾ?”

“ಸಹಿ ಹಾಕ್ತೀನಿ. ತಪ್ಪು ನಂದೇ.”

“ಈಗ ತಾನೇ ಅಲ್ಲ ಅಂತ ಸಾಬೀತಾಯ್ತಲ್ಲೇ!”

“ನಂದೇ ಅಂದೆನಲ್ಲ! ನನ್ನನ್ನ ಬಿಟ್ಟುಬಿಡು ಅಕ್ಕ, ಕೇಳಬೇಡ.”

ಅಕ್ಕ ಅವಳ ಮಣಿಕಟ್ಟು ಹಿಡಿದಳು. ಪೆನ್ನಿನ ಮೊನೆ ಕಾಗದದ ಮೇಲೆ ಒಂದು ನೀಲಿ ಗೀರು ಎಳೆದು ನಿಂತಿತು.

ತಂಗಿ ಇರುವುದು ಅಕ್ಕನ ಮನೆಯಲ್ಲಿ. ಆ ಮನೆಯಲ್ಲಿರುವುದು ಮೂರೇ ಜನ.

“ಗುಂಡಿಗಳನ್ನ ಹರಡಿಕೊಂಡು ಕೂತಿದ್ದಾಗ ನಿನ್ನ ತಪ್ಪು ಕಂಡುಹಿಡಿದೋರು, ಅವತ್ತು ಡಬ್ಬಿ ತಂದೋರು. ಇಬ್ಬರೂ ಒಬ್ಬರೇನಾ?”

ತಂಗಿ ಕಣ್ಣು ಮುಚ್ಚಿದಳು.

“ಪುಟ್ಟಿ.”

“ಭಾವ,” ಎಂದಳು ತಂಗಿ. ದನಿ ಹೊರಟಿತೋ ಇಲ್ಲವೋ. “ಭಾವ ನನ್ನ ಕೈಹಿಡಿದು ಸ್ಕೂಲಿಗೆ ಬಿಟ್ಟು ಬರ್ತಿದ್ದೋರು ಅಕ್ಕ. ನನ್ನ ಕೆಲಸ ಹೋದ್ರೆ ಹೋಗಲಿ. ನಿನ್ನ ಮನೆ…”

ಸಾಕ್ಷಿಯ ಹಾಸಿಗೆಯನ್ನು ಬಾಗಿಲ ಪಕ್ಕಕ್ಕೆ ಹಾಕಿಸಿದೆ ಎಂದು ಅಕ್ಕ ಇಲಾಖೆಯ ಹೊರಗೆ ಒಬ್ಬರಿಗೇ ಹೇಳಿದ್ದಳು. ದಿಂಬಿಗೆ ತಲೆ ಕೊಟ್ಟು, ದೀಪ ಆರಿಸುವ ಮುನ್ನ, ಗಂಡನಿಗೆ ಹೇಳಿದ್ದಳು. ಗೋದಾಮು ಹೊತ್ತಿ ಉರಿದ ರಾತ್ರಿ ಪಕ್ಕದ ದಿಂಬು ಖಾಲಿಯಿತ್ತು.

ಹೊರಗೆ ಮೆಟ್ಟಿಲ ಮೇಲೆ ಬೂಟುಗಳ ಸದ್ದು. ಊಟ ಮುಗಿಸಿದವರ ನಗು. ಸಮಿತಿಯವರು ಬಂದರು.

ಅಕ್ಕ ತಂಗಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪೆನ್ನು ತೆಗೆದುಕೊಂಡಳು. ಕಾಗದವನ್ನು ಅಡ್ಡಕ್ಕೆ ಹರಿದಳು, ಉದ್ದಕ್ಕೆ ಹರಿದಳು.

“ಸಾಹೇಬ್ರೇ,” ಹೊಸ್ತಿಲಲ್ಲಿ ನಿಂತಿದ್ದ ಇಸ್ತ್ರಿ ಸಾಹೇಬನಿಗೆ ಹೇಳಿದಳು, “ಬಾಗಿಲು ತೆಗೀರಿ. ಹೇಳಿಕೆ ಕೊಡೋದು ನಾನು.”

“ಯಾರ ಮೇಲೆ ಮೇಡಂ?”

ಅಕ್ಕ ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ತಿರುಗಿಸಿ ಕೂತಳು. ಬಾಗಿಲು ತೆರೆಯಿತು. ಸಮಿತಿಯ ಮೂವರ ಹಿಂದೆ, ಕೈಯಲ್ಲಿ ತಂಗಿಯ ಊಟದ ಡಬ್ಬಿ ಹಿಡಿದು, ಅವರಲ್ಲಿ ಒಬ್ಬರ ಜೊತೆ ಏನೋ ಹೇಳಿ ನಗುತ್ತ, ಅವಳ ಗಂಡನೂ ಒಳಗೆ ಬಂದ.